ಎಸ್.ಪಿ. ರಸ್ತೆಯ ಬೋರ್ಡಿಲ್ಲದ ಅಂಗಡಿ ಮತ್ತು ಅಪ್ಪನ ಎಂಟು ಎಂಎಂ ಪ್ರೊಜೆಕ್ಟರ್

ಹಳೆಯ ಪ್ರೊಜೆಕ್ಟರ್ ರಿಪೇರಿ ಮಾಡಿಕೊಡುವ ಈ ಅಂಗಡಿಗೆ ಬೋರ್ಡಿಲ್ಲ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಎಸ್.ಪಿ. ರಸ್ತೆಗೆ ಬನ್ನಿ. ಕಂಪ್ಯೂಟರ್ ಬಿಡಿಭಾಗಗಳ ಸಾಲು ಮುಗಿದು ಮೋಟಾರು, ಬೇರಿಂಗು ಮಾರುವ ಅಂಗಡಿಗಳು ಶುರುವಾಗುವ ಕಡೆ ಒಂದು ಸಂದಿ ಇದೆ. ಅಲ್ಲಿ ಯಾರನ್ನಾದರೂ "ಹಳೇ ಟೇಪ್ ರೆಕಾರ್ಡರ್ ಭಾಯಿ ಎಲ್ಲಿ" ಎಂದು ಕೇಳಿ. ಕೈ ಮಾಡಿ ಮೇಲೆ ತೋರಿಸುತ್ತಾರೆ. ಮೆಟ್ಟಿಲು ಬಹಳ ಕಡಿದು, ಹಿಡಿದುಕೊಳ್ಳಲು ಹಗ್ಗ ಒಂದೇ. ನನ್ನ ವಯಸ್ಸಿನವರು ಮಷೀನು ಹೊತ್ತುಕೊಂಡು ಒಬ್ಬರೇ ಹತ್ತಬೇಡಿ. ಕೆಳಗೇ ನಿಂತು ಕೂಗಿದರೆ ಅವರ ಮಗ ಬಂದು ಎತ್ತಿಕೊಂಡು ಹೋಗುತ್ತಾನೆ.

ನಾನು ಎತ್ತಿಕೊಂಡು ಹೋಗಿದ್ದು ಅಪ್ಪನ ಪ್ರೊಜೆಕ್ಟರ್. ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಫ್ಯಾಕ್ಟರಿ ಅದು. ಹಾಗಾಗಿ ಇಲ್ಲಿಂದ ಕೆಲವರನ್ನು ಟ್ರೈನಿಂಗಿಗೆ ಟೋಕಿಯೋ ಕಡೆಗೆ ಕಳಿಸುತ್ತಿದ್ದರು. 1972ರಲ್ಲಿ ಅಪ್ಪ ಹೋದರು. ಬರುವಾಗ ಉಳಿಸಿದ ಭತ್ಯೆಯಲ್ಲಿ ಎಂಟು ಎಂಎಂ ಫಿಲಮ್ಮಿನಲ್ಲಿ ಮನೆಯ ಸಿನಿಮಾ ತೆಗೆಯುವ ಒಂದು ಫ್ಯೂಜಿ ಸಿಂಗಲ್ 8 ಕ್ಯಾಮರಾ, ಒಂದು ಪ್ರೊಜೆಕ್ಟರ್ ತಂದರು. ನನಗಾಗ ಆರು ವರ್ಷ. ಮನೆಯ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ಅಪ್ಪ ಮೊದಲ ರೀಲು ಹಾಕಿದಾಗ ಓಣಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲಿದ್ದರು.

ಪ್ರೊಜೆಕ್ಟರಿನ ಕಂಪನಿ ಹೆಸರು ಬರೆಯುತ್ತಿಲ್ಲ. ಇದಕ್ಕೆ ಬಂದ ಕಾಯಿಲೆ ಆ ಕಾಲದ ಎಷ್ಟೋ ಮಷೀನುಗಳಿಗೆ ಬಂದಿದೆ, ಅದು ವಯಸ್ಸಿನ ಕಾಯಿಲೆ. ಅಪ್ಪ ತೀರಿಹೋದ ಮೇಲೆ ಅದು ಅಟ್ಟ ಸೇರಿತ್ತು. ಎರಡು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸುವಾಗ ಕೆಳಗಿಳಿಸಿದೆವು. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಡಾಂಬರು ಸುರಿದ ಹಾಗಿತ್ತು. ರಬ್ಬರ್ ಬೆಲ್ಟು ಕರಗಿ ಕಪ್ಪು ಅಂಟಾಗಿ ಪುಲ್ಲಿಗೆ, ಮೋಟಾರಿಗೆ, ತಳಕ್ಕೆ ಹತ್ತಿಕೊಂಡಿತ್ತು. ಮುಟ್ಟಿದ ಬೆರಳು ಮೂರು ದಿನ ಕಪ್ಪಗಿತ್ತು.

ಮೊದಲು ನಾನು ಇನ್ನೊಂದು ಕಡೆ ಕೊಟ್ಟೆ. ಅದರ ಹೆಸರು ಬೇಡ. ಅಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೇಳುತ್ತೇನೆ, ನಿಮಗೆ ಹಾಗಾಗದಿರಲಿ. ಅವರು ನನ್ನೆದುರಿಗೇ ಮಷೀನನ್ನು ಪ್ಲಗ್ಗಿಗೆ ಹಾಕಿ ಸ್ವಿಚ್ ಒತ್ತಿದರು. ಗುಂಯ್ ಎಂದಿತು, ತಿರುಗಲಿಲ್ಲ. "ಬೆಲ್ಟ್ ಅಷ್ಟೇ ಮೇಡಂ" ಎಂದು ಹತ್ತು ದಿನದಲ್ಲಿ ಸರಿಮಾಡಿ ಕೊಟ್ಟರು. ಮನೆಗೆ ತಂದು ರೀಲು ಹಾಕಿದೆ. ಓಡಿತು, ಆದರೆ ಎಲ್ಲರೂ ನೀರಿನೊಳಗೆ ನಡೆದ ಹಾಗೆ ನಿಧಾನ. ಗೋಡೆ ಮೇಲೆ ಬೆಳಕು ಮಿಟುಕಿ ಮಿಟುಕಿ ಅಮ್ಮನಿಗೆ ತಲೆನೋವು ಬಂತು. ಮೂರನೇ ರೀಲಿನಲ್ಲಿ ಅವರೇ ಅಂಟಿಸಿಕೊಟ್ಟಿದ್ದ ಜೋಡಣೆ ಬಿಟ್ಟುಕೊಂಡು ಫಿಲಂ ಗೇಟಿನಲ್ಲಿ, ಅಂದರೆ ಲ್ಯಾಂಪಿನ ಮುಂದೆ ಅದು ಹಾದುಹೋಗುವ ಕಿಂಡಿಯಲ್ಲಿ, ನಿಂತುಬಿಟ್ಟಿತು. ನಾನು ಸ್ವಿಚ್ ಹುಡುಕುವಷ್ಟರಲ್ಲಿ ಗೋಡೆಯ ಮೇಲೆ ಕಂದು ಗುಳ್ಳೆ ಎದ್ದಿತ್ತು. ರೀಲಿನಲ್ಲಿ ಅಜ್ಜಿ ಹಪ್ಪಳ ಒಣಗಿಸುವ ದೃಶ್ಯ ಅದು. ಒಂದು ಚೌಕಟ್ಟು, ಅಂದರೆ ಫಿಲಮ್ಮಿನ ಒಂದು ಚಿತ್ರ, ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಭಾಯಿಯ ವಿಳಾಸ ಕೊಟ್ಟಿದ್ದು ನನ್ನ ತಮ್ಮನ ಸ್ನೇಹಿತರು. ಭಾಯಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗ 16 ಎಂಎಂ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸಕ್ಕಿದ್ದರಂತೆ. ಗಣೇಶನ ಹಬ್ಬಕ್ಕೆ ಬೀದಿಯಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದ ಕಾಲ. ಒಂದೇ ರಾತ್ರಿ ಮೂರು ಬೀದಿಗೆ ಒಂದೇ ಸಿನಿಮಾದ ರೀಲುಗಳನ್ನು ಸೈಕಲ್ಲಿನಲ್ಲಿ ಸಾಗಿಸಿದ್ದನ್ನು ಕೆಲಸ ಮಾಡುತ್ತಲೇ ಹೇಳುತ್ತಾರೆ.

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಕರೆಂಟ್ ಕೊಟ್ಟು ನೋಡಿದ್ರಾ ಅಮ್ಮಾ?" ಹೌದು ಎಂದೆ. ಮುಖ ಸಣ್ಣದಾಯಿತು. ಅವರು ಪ್ಲಗ್ಗನ್ನು ಮುಟ್ಟಲೇ ಇಲ್ಲ. ಮುಚ್ಚಳ ಬಿಚ್ಚಿ, ಪಕ್ಕದ ಗುಂಡಿಯನ್ನು ಬೆರಳಿನಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಕಿವಿ ಹತ್ತಿರ ಇಟ್ಟುಕೊಂಡು ಮತ್ತೊಂದು ಸುತ್ತು. ಫಿಲಮ್ಮಿನ ತೂತಿಗೆ ಸಿಕ್ಕಿ ಒಂದೊಂದೇ ಚಿತ್ರವನ್ನು ಕೆಳಗೆಳೆಯುವ ಪುಟ್ಟ ಕೊಕ್ಕೆ ಇದೆಯಲ್ಲ, ಅದು ಹೊರಬಂದು, ಇಳಿದು, ಒಳಹೋಗುವುದನ್ನು ಭೂತಗನ್ನಡಿ ಹಿಡಿದು ನೋಡಿದರು. ಐವತ್ತು ವರ್ಷದ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಮೋಟಾರಿನ ಬಲ ಬಿದ್ದರೆ ಮುರಿಯುವುದು ಗೇರಿನ ಪ್ಲಾಸ್ಟಿಕ್ ಹಲ್ಲು. ಮುರಿದರೆ ಬದಲಿ ಸಿಗುವುದಿಲ್ಲ. ನನ್ನ ಅದೃಷ್ಟ, ಹಲ್ಲುಗಳು ಉಳಿದಿದ್ದವು.

ಈ ಅಂಗಡಿಗೆ ನಾನು ಪೂರ್ತಿ ಅಂಕ ಕೊಡುವುದು ಈ ಒಂದು ಕಾರಣಕ್ಕೇ. ಹಳೆಯ ಪ್ರೊಜೆಕ್ಟರನ್ನು ಯಾರ ಕೈಗೆ ಕೊಟ್ಟರೂ ಮೊದಲ ಐದು ನಿಮಿಷ ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಸ್ವಿಚ್ಚಿಗೆ ಹೋದರೆ ಮಷೀನು ವಾಪಸ್ ತೆಗೆದುಕೊಂಡು ಬನ್ನಿ.

ಹಳೆಯ ಅಂಟನ್ನು ತೆಗೆಯಲು ಅವರಿಗೆ ಎರಡು ದಿನ ಹಿಡಿಯಿತಂತೆ. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕುವ ಹತ್ತಿಕಡ್ಡಿ, ಹಲ್ಲುಕಡ್ಡಿ, ಇಷ್ಟೇ ಸಾಮಾನು. ಮೊದಲಿನವರು ಮೇಲೆ ಮೇಲೆ ಒರೆಸಿ ಹೊಸ ಬೆಲ್ಟು ಹಾಕಿದ್ದರು. ಪುಲ್ಲಿಯ ತೋಡಿನಲ್ಲಿ ಉಳಿದ ಅಂಟು ಹೊಸ ಬೆಲ್ಟನ್ನೂ ಹಿಡಿದುಕೊಳ್ಳುತ್ತಿತ್ತು. ಹೊಸ ಬೆಲ್ಟಿನ ಅಳತೆಗೆ ಭಾಯಿ ದಾರ ಸುತ್ತಿ ಉದ್ದ ತೆಗೆದು, ಅದಕ್ಕಿಂತ ಸ್ವಲ್ಪ ಗಿಡ್ಡದು ಆರಿಸಿದರು. ಬಿಗಿ ಜಾಸ್ತಿಯಾದರೆ ಮೋಟಾರಿನ ಬೇರಿಂಗಿಗೆ ಪೆಟ್ಟು, ಸಡಿಲವಾದರೆ ಜಾರುತ್ತದೆ.

ಈಗ ಆ ನಿಧಾನದ ವಿಷಯ. ಇದನ್ನು ಭಾಯಿ ಬಿಡಿಸಿ ಹೇಳಿದ ಮೇಲೆ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಜಪಾನಿನಲ್ಲಿ ಮನೆಯ ಕರೆಂಟು 100 ವೋಲ್ಟ್. ಅದಕ್ಕೇ ಅಪ್ಪ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿದ್ದರು, ಅದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಆ ದೇಶದಲ್ಲಿ ಎರಡು ತರಹದ ಕರೆಂಟಿದೆ. ಟೋಕಿಯೋ ಇರುವ ಪೂರ್ವದಲ್ಲಿ 50 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ, ಒಸಾಕಾ ಇರುವ ಪಶ್ಚಿಮದಲ್ಲಿ 60. ಈ ತರಹದ ಮೋಟಾರಿನ ವೇಗ ಹರ್ಟ್ಸ್ ಮೇಲೆ ನಿಂತಿದೆ. ಅದಕ್ಕೆ ಮೋಟಾರಿನ ಪುಲ್ಲಿಯಲ್ಲಿ ದೊಡ್ಡದು, ಸಣ್ಣದು ಎಂದು ಎರಡು ಮೆಟ್ಟಿಲು ಮಾಡಿರುತ್ತಾರೆ. 50ಕ್ಕೆ ದೊಡ್ಡದರ ಮೇಲೆ ಬೆಲ್ಟು, 60ಕ್ಕೆ ಸಣ್ಣದರ ಮೇಲೆ. ನಮ್ಮದೂ 50 ಹರ್ಟ್ಸ್, ಟೋಕಿಯೋದಲ್ಲಿ ಕೊಂಡ ಮಷೀನು ಇಲ್ಲಿ ಸರಿಯಾಗಿಯೇ ಓಡುತ್ತಿತ್ತು. ಮೊದಲಿನ ಮೆಕ್ಯಾನಿಕ್ ಬೆಲ್ಟನ್ನು ಸಣ್ಣ ಮೆಟ್ಟಿಲಿಗೆ ಹಾಕಿಬಿಟ್ಟಿದ್ದರು. ಸೆಕೆಂಡಿಗೆ 18 ಚಿತ್ರ ಓಡಬೇಕಾದ್ದು 15 ಓಡುತ್ತಿತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. ಜಪಾನಿನಿಂದ ಮಷೀನು ತಂದವರು, ಈಗ ತರಿಸುತ್ತಿರುವವರು ಇದನ್ನೊಂದು ನೋಡಿಕೊಳ್ಳಿ.

ಅಮ್ಮನ ತಲೆನೋವಿಗೂ ಕಾರಣ ಅದೇ. ಲ್ಯಾಂಪಿನ ಮುಂದೆ ಮೂರು ರೆಕ್ಕೆಯ ಶಟರ್ ತಿರುಗುತ್ತದೆ. ಒಂದು ಚಿತ್ರಕ್ಕೆ ಮೂರು ಸಲ ಬೆಳಕು ಕತ್ತರಿಸುತ್ತದೆ. 18 ಚಿತ್ರಕ್ಕೆ 54 ಸಲ, ಆಗ ಕಣ್ಣಿಗೆ ಮಿಟುಕುವುದು ಅಷ್ಟಾಗಿ ಗೊತ್ತಾಗುವುದಿಲ್ಲ. 15ಕ್ಕೆ 45 ಸಲ, ಅದು ಗೊತ್ತಾಗುತ್ತದೆ. ಬೆಲ್ಟನ್ನು ಅರ್ಧ ಇಂಚು ಪಕ್ಕಕ್ಕೆ ಸರಿಸಿದ್ದೇ ಮದ್ದು.

ಎರಡನೇ ಸಲ ಹೋದಾಗ ಭಾಯಿ ಒಂದು ಹತ್ತಿಕಡ್ಡಿ ಮೂಸಲು ಕೊಟ್ಟರು. ಹಳಸಿದ ಕೊಬ್ಬರಿ ಎಣ್ಣೆ ವಾಸನೆ. ನನಗೆ ತಕ್ಷಣ ನೆನಪಾಯಿತು. ತೊಂಬತ್ತರ ದಶಕದಲ್ಲಿ ಒಮ್ಮೆ ಮಷೀನು ಕಿರುಗುಟ್ಟಿತೆಂದು ಸೋದರಮಾವ ಒಳ್ಳೆಯ ಮನಸ್ಸಿನಿಂದಲೇ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ವರ್ಷ ಕಳೆದಂತೆ ಅಂಟಾಗುತ್ತದೆ. ಅದನ್ನೆಲ್ಲ ತೊಳೆದು ಕೊಕ್ಕೆಯನ್ನು ಆಡಿಸುವ ಕ್ಯಾಮ್ ಎಂಬ ಚಕ್ರಕ್ಕೆ ಬಿಳಿ ಲಿಥಿಯಂ ಗ್ರೀಸು, ದಂಡಗಳ ಬುಡಕ್ಕೆ ಹೊಲಿಗೆ ಮಷೀನಿನ ಎಣ್ಣೆ ಹಾಕಿದರು. ಎಣ್ಣೆ ಎಂದರೆ ಒಂದು ಹನಿಯೂ ಅಲ್ಲ. ಜಾಸ್ತಿಯಾದರೆ ಅದು ಗೇಟಿಗೆ ಹರಿದು, ಅಲ್ಲಿಂದ ಫಿಲಮ್ಮಿಗೆ ಹತ್ತುತ್ತದೆ.

"ಸೂಜಿ ತುದಿಯಷ್ಟು ಸಾಕು. ವಾಚಿನವರ ಹತ್ತಿರ ಇರುತ್ತಲ್ಲ, ಆ ತರಹದ್ದು ಬೇಕು" ಎಂದರು. ನಮ್ಮ ಮನೆಯಲ್ಲಿದೆ! ಅಪ್ಪನ ಆಯಿಲರ್. ಕೆಂಪು ಹಿಡಿಯ, ತುದಿ ಚಪ್ಪಟೆಯಾದ ತೆಳು ತಂತಿ. ಅಪ್ಪನ ಡ್ರಾಯರಿನಲ್ಲಿ ಹಾಗೇ ಇತ್ತು. ಮುಂದಿನ ಶನಿವಾರ ತೆಗೆದುಕೊಂಡು ಹೋಗಿ ಕೊಟ್ಟೆ. ಭಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ, ಅದರಲ್ಲೇ ಎಣ್ಣೆ ಇಟ್ಟರು. ಅಪ್ಪ ಇಡುತ್ತಿದ್ದ ಹಾಗೇ, ಉಸಿರು ಬಿಗಿ ಹಿಡಿದು. ನನ್ನ ಕಣ್ಣು ತುಂಬಿತು, ಕಿಟಕಿ ಕಡೆ ತಿರುಗಿಕೊಂಡೆ.

ಜೋಡಣೆ ಯಾಕೆ ಬಿಟ್ಟುಕೊಂಡಿತು ಎಂಬುದೂ ಇಲ್ಲಿಯೇ ಗೊತ್ತಾಯಿತು. ಕೊಡಾಕ್ 1965ರಲ್ಲಿ ಸೂಪರ್ 8 ಎಂಬ ಎಂಟು ಎಂಎಂ ಫಿಲಂ ತಂದ ವರ್ಷವೇ ಫ್ಯೂಜಿ ಸಿಂಗಲ್ 8 ತಂದಿತು. ಅಗಲ, ತೂತು, ಚಿತ್ರದ ಅಳತೆ ಎರಡಕ್ಕೂ ಒಂದೇ, ಪ್ರೊಜೆಕ್ಟರಿಗೆ ವ್ಯತ್ಯಾಸವಿಲ್ಲ. ಆದರೆ ಫ್ಯೂಜಿಯದು ಪಾಲಿಯೆಸ್ಟರ್ ಫಿಲಂ, ಇನ್ನೂ ತೆಳು. ಸೂಪರ್ 8ರ ಅಸಿಟೇಟ್ ಫಿಲಮ್ಮಿಗೆ ಸಿಮೆಂಟ್ ಎಂಬ ದ್ರಾವಣ ಹಚ್ಚಿದರೆ ಎರಡು ತುದಿ ಕರಗಿ ಬೆಸೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಅದಕ್ಕೆ ಕರಗುವುದೇ ಇಲ್ಲ. ಅದಕ್ಕೆ ಟೇಪಿನ ಜೋಡಣೆಯೇ ಆಗಬೇಕು. ಭಾಯಿ ನನ್ನ ಹನ್ನೊಂದು ರೀಲುಗಳನ್ನೂ ಬಿಚ್ಚಿ ನೋಡಿ, ಹಳೆಯ ಸಿಮೆಂಟ್ ಜೋಡಣೆ ಇದ್ದ ಏಳು ಜಾಗದಲ್ಲೂ ಸ್ಪ್ಲೈಸಿಂಗ್ ಟೇಪು ಹಾಕಿದರು. ತೂತಿನ ಮೇಲೆ ತೂತು ಕೂರುವ ಹಾಗೆ. ಮಾಮೂಲಿ ಸೆಲ್ಲೋಟೇಪು ಹಾಕಬೇಡಿ, ಅದರ ಗೋಂದು ಬಿಸಿಗೆ ಹರಿಯುತ್ತದೆ.

ಪಾಲಿಯೆಸ್ಟರಿನಿಂದ ಒಂದು ಒಳ್ಳೆಯದೂ ಆಗಿದೆ. ಅಸಿಟೇಟ್ ಫಿಲಂ ಸೆಕೆಗೆ, ತೇವಕ್ಕೆ ವಿನೆಗರ್ ವಾಸನೆ ಹೊಡೆದು ಸುರುಟಿಕೊಂಡು ಹಾಳಾಗುತ್ತದೆ. ನಿಮ್ಮ ಡಬ್ಬಿ ತೆಗೆದಾಗ ಹುಳಿ ವಾಸನೆ ಬಂದರೆ ಆ ರೀಲನ್ನು ಕೂಡಲೇ ಉಳಿದವುಗಳಿಂದ ಬೇರೆ ಇಡಿ. ಅಪ್ಪನ ರೀಲುಗಳಿಗೆ ಆ ಕಾಯಿಲೆ ಇಲ್ಲ. ಆದರೆ ಪಾಲಿಯೆಸ್ಟರ್ ಸುಲಭಕ್ಕೆ ಹರಿಯುವುದೂ ಇಲ್ಲ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಫಿಲಂ ಗಟ್ಟಿ ನಿಂತು ಮಷೀನಿನ ಹಲ್ಲನ್ನೇ ಎಳೆದುಬಿಡುತ್ತದೆ. ಆದ್ದರಿಂದ ಓಡುವಾಗ ಪಕ್ಕದಿಂದ ಎದ್ದು ಹೋಗಬಾರದು. ನಾನು ಈಗ ಕೈ ಸ್ವಿಚ್ಚಿನ ಮೇಲೇ ಇಟ್ಟುಕೊಂಡು ಕೂರುತ್ತೇನೆ.

ಲ್ಯಾಂಪು 12 ವೋಲ್ಟ್ 100 ವ್ಯಾಟಿನ ಹ್ಯಾಲೋಜನ್, ಹಿಂದೆ ಕನ್ನಡಿ ಬಟ್ಟಲು ಇರುವಂಥದ್ದು. ಇದು ಇನ್ನು ಸಿಗುವುದಿಲ್ಲ ಎಂದು ಮೊದಲಿನವರು ಹೇಳಿದ್ದರು. ಇಎಫ್‌ಪಿ ಎಂಬ ಅದೇ ನಮೂನೆಯ ಲ್ಯಾಂಪನ್ನು ಬೇರೆ ಉಪಕರಣಗಳಿಗೂ ಬಳಸುವುದರಿಂದ ಈಗಲೂ ಸಿಗುತ್ತದೆ. ಭಾಯಿ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಎರಡು ತರಿಸಿದರು, ಒಂದನ್ನು ನಾನು ಎತ್ತಿಟ್ಟಿದ್ದೇನೆ. ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಕಾದು ಲ್ಯಾಂಪು ಬೇಗ ಹೋಗುತ್ತದೆ.

ಮಷೀನು ಸಿದ್ಧವಾದ ದಿನ ನಾನು ಅಪ್ಪನ ರೀಲನ್ನು ಮುಂದೆ ಮಾಡಿದೆ. ಭಾಯಿ ತೆಗೆದುಕೊಳ್ಳಲಿಲ್ಲ. ಅವರ ಹತ್ತಿರ ಯಾರಿಗೂ ಬೇಡವಾದ ಒಂದು ಟೆಸ್ಟ್ ರೀಲಿದೆ. ಅದನ್ನು ಮೂರು ಸಲ ಓಡಿಸಿ, ಪ್ರತಿಸಲವೂ ಐದಾರು ಅಡಿ ಬಿಚ್ಚಿ ಬೆಳಕಿಗೆ ಓರೆ ಹಿಡಿದು ಗೀರು ಹುಡುಕಿದರು. ಮೊದಲ ಸಲ ಕೂದಲೆಳೆಯಂಥ ಒಂದು ಗೀರು ಉದ್ದಕ್ಕೂ ಇತ್ತು. ಗೇಟಿನಲ್ಲಿ ಗಟ್ಟಿಯಾದ ಕೊಳೆಯ ಒಂದು ಕಣ ಉಳಿದಿತ್ತು. ಅದನ್ನು ಬಿದಿರುಕಡ್ಡಿಯಿಂದ ತೆಗೆದರು. ಗೇಟಿಗೆ ಯಾವತ್ತೂ ಸ್ಕ್ರೂಡ್ರೈವರ್, ಬ್ಲೇಡು ತಾಗಿಸಬೇಡಿ ಎಂದು ನನಗೂ ಹೇಳಿದರು. ಮೂರನೇ ಸಲ ಫಿಲಂ ಚೊಕ್ಕವಾಗಿ ಬಂದ ಮೇಲೆ "ಈಗ ಅಪ್ಪಾಜಿ ರೀಲು ಕೊಡಿ" ಎಂದರು.

ಕೊರತೆಗಳೂ ಇವೆ, ಹೇಳಲೇಬೇಕು. ಹದಿನೈದು ದಿನ ಎಂದಿದ್ದು ಏಳು ವಾರವಾಯಿತು. ಫೋನ್ ಎತ್ತುವುದಿಲ್ಲ. ನಾನು ಜಾಲಹಳ್ಳಿಯಿಂದ ಮೆಟ್ರೋ ಹತ್ತಿ ಐದು ಸಲ ಹೋಗಬೇಕಾಯಿತು, ಎರಡು ಸಲ ಬಾಗಿಲು ಹಾಕಿತ್ತು. ರಸೀದಿ ಕೊಡುವುದಿಲ್ಲ, ಬೇಕೆಂದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಲೆನ್ಸಿನ ಒಳಗೆ ಅಂಚಿನಲ್ಲಿ ಫಂಗಸ್ ಇದೆ, ಅದನ್ನು ಬಿಚ್ಚಲು ಒಪ್ಪಲಿಲ್ಲ. "ಅದು ನನ್ನ ಕೆಲಸ ಅಲ್ಲ ಅಮ್ಮಾ, ಕೆಡಿಸಿಬಿಟ್ಟರೆ?" ಎಂದರು. ಇದನ್ನು ನಾನು ಕೊರತೆ ಎಂದು ಎಣಿಸುವುದಿಲ್ಲ, ಆದರೆ ಫಂಗಸ್ ಹಾಗೇ ಇದೆ. ರೀಲುಗಳನ್ನು ಕಂಪ್ಯೂಟರಿಗೆ ಹಾಕಿಕೊಡುವ ಕೆಲಸವೂ ಇಲ್ಲಿಲ್ಲ, ಅದಕ್ಕೆ ಬೇರೆ ಕಡೆ ಹೋಗಬೇಕು.

ಖರ್ಚು ಒಟ್ಟು 5,600 ರೂಪಾಯಿ. ಕೂಲಿ 3,500, ಎರಡು ಬೆಲ್ಟಿಗೆ 400, ಎರಡು ಲ್ಯಾಂಪಿಗೆ 1,700. ಟೇಪಿಗೆ, ಜೋಡಣೆಗೆ ಬೇರೆ ಕೇಳಲಿಲ್ಲ, ನಾನೇ ಒತ್ತಾಯ ಮಾಡಿ ಕೊಟ್ಟರೂ ವಾಪಸ್ ಕೊಟ್ಟರು. ನನ್ನ ಮಟ್ಟಿಗೆ ಇದು ಬಹಳ ನ್ಯಾಯವಾದ ದುಡ್ಡು.

ಮನೆಗೆ ತಂದ ಮೇಲಿನ ನಾಲ್ಕು ತಿಂಗಳಲ್ಲಿ ಒಂದು ಸಲವೂ ಫಿಲಂ ನಿಂತಿಲ್ಲ. ಭಾಯಿ ಹೇಳಿಕೊಟ್ಟ ಹಾಗೆ ತಿಂಗಳಿಗೊಮ್ಮೆ ಫಿಲಂ ಇಲ್ಲದೆ ಹತ್ತು ನಿಮಿಷ ಓಡಿಸುತ್ತೇನೆ. ಬೆಲ್ಟು ಒಂದೇ ಕಡೆ ಬಾಗಿ ನಿಲ್ಲದಿರಲಿ ಎಂದು. ಪ್ರತಿ ರೀಲಿನ ನಂತರ ಗೇಟು ತೆರೆದು ಮೆತ್ತನೆಯ ಬ್ರಷ್ಷಿನಿಂದ ದೂಳು ತೆಗೆಯುತ್ತೇನೆ. ಲ್ಯಾಂಪು ಆರಿಸಿದ ಮೇಲೂ ಫ್ಯಾನು ಎರಡು ನಿಮಿಷ ತಿರುಗಲಿ, ಬಿಸಿ ಇರುವಾಗ ಮಷೀನನ್ನು ಎತ್ತಬೇಡಿ. ಅಟ್ಟಕ್ಕೆ ಮತ್ತೆ ಕಳಿಸಿಲ್ಲ. ಬಟ್ಟೆ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ.

ಮೊದಲ ರಾತ್ರಿ ಹತ್ತು ಅಡಿ ದೂರದ ಗೋಡೆಯ ಮೇಲೆ ಮೂರೂವರೆ ಅಡಿ ಅಗಲದ ಚಿತ್ರ ಬಿತ್ತು. ಒಂದು ರೀಲು ಐವತ್ತು ಅಡಿ, ಮೂರು ನಿಮಿಷ ಇಪ್ಪತ್ತು ಸೆಕೆಂಡು. ಟೋಕಿಯೋದ ಹಿಮದಲ್ಲಿ ಅಪ್ಪನ ಗೆಳೆಯರು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಿಂತಿದ್ದಾರೆ. ಲಾಲ್‌ಬಾಗಿನಲ್ಲಿ ನಾನು ಅಮ್ಮನ ಸೆರಗು ಹಿಡಿದು ಓಡುತ್ತಿದ್ದೇನೆ. ಅಮ್ಮನಿಗೆ ಈಗ 84. ಸೀರೆಯ ಬಣ್ಣ ನೋಡಿ "ಇದು ಮಾಗಡಿ ರಸ್ತೆಯ ಮದುವೆಗೆ ತೊಗೊಂಡಿದ್ದು" ಎಂದರು. ಬಣ್ಣ ಅಷ್ಟು ಉಳಿದಿದೆ. ಹಪ್ಪಳದ ರೀಲು ಬಂದಾಗ ಸುಟ್ಟ ಚೌಕಟ್ಟಿನ ಜಾಗದಲ್ಲಿ ಅಜ್ಜಿಯ ಕೈ ಒಂದು ಚೂರು ಹಾರಿದ ಹಾಗೆ ಕಾಣುತ್ತದೆ, ಅಷ್ಟೇ. ಗೊತ್ತಿಲ್ಲದವರಿಗೆ ತಿಳಿಯುವುದಿಲ್ಲ. ಅಮ್ಮ "ಹಿಂದಕ್ಕೆ ಓಡಿಸು" ಎಂದರು. ನಾವು ಚಿಕ್ಕವರಿದ್ದಾಗ ಅಪ್ಪ ರಿವರ್ಸ್ ಹಾಕಿ ನಗಿಸುತ್ತಿದ್ದರು. ಹರಡಿದ ಹಪ್ಪಳಗಳು ಒಂದೊಂದೇ ಎದ್ದು ಅಜ್ಜಿಯ ಕೈಗೆ ವಾಪಸ್ ಬರುತ್ತವೆ. ಅಮ್ಮ ಅದನ್ನು ಮೂರು ಸಲ ನೋಡಿದರು.

ಅಂಗಡಿಗೆ ಹೋಗುವವರು ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಶನಿವಾರ ಹನ್ನೊಂದರ ಮೇಲಾದರೆ ಒಳ್ಳೆಯದು. ಮಷೀನಿನ ಜೊತೆ ಅದರ ವೈರು, ಖಾಲಿ ರೀಲು, ಟ್ರಾನ್ಸ್‌ಫಾರ್ಮರ್ ಎಲ್ಲ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಇನ್ನೊಂದು ಸಲ ಓಡಾಟ. ಮೆಟ್ರೋ ತಪಾಸಣೆಯಲ್ಲಿ ಬ್ಯಾಗು ತೆರೆಸುತ್ತಾರೆ, ಐದು ನಿಮಿಷ ಮುಂಚೆ ಹೊರಡಿ. ಅಪ್ಪನ ಆಯಿಲರನ್ನು ನಾನು ಭಾಯಿಯ ಹತ್ತಿರವೇ ಬಿಟ್ಟು ಬಂದಿದ್ದೇನೆ. ಅವರ ಮೇಜಿನ ಮೇಲೆ, ಹತ್ತಿಕಡ್ಡಿಗಳ ಡಬ್ಬಿಯಲ್ಲಿ, ಕೆಂಪು ಹಿಡಿ ಕಾಣುತ್ತದೆ.